ಪೆಟ್ರೋಲೋ ಡೀಸೆಲೋ: ಬಂಕಿನ ಫಲಕ ಹೇಳದ ಲೆಕ್ಕ

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಟ್ಯಾಕ್ಸಿ ಓಡಿಸುವ ಪರಿಚಿತರೊಬ್ಬರು ಈಚೆಗೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ‘ಸರ, ಹಳೇ ಗಾಡಿ ಕೊಟ್ಟು ಹೊಸಾದು ತಗೋಬೇಕು ಅಂತ ಮಾಡೀನಿ. ಪೆಟ್ರೋಲ್ ತಗೊಳ್ಳೋದೋ, ಡೀಸೆಲ್ ತಗೊಳ್ಳೋದೋ?’ ಅವರು ಹುಟ್ಟಿದ್ದು ಕಾಲೊನಿಯಲ್ಲೇ. ಕನ್ನಡ ಕಲಿತದ್ದು ಮುಂಡಗೋಡದ ಸಂತೆಯಲ್ಲಿ ಮತ್ತು ಹುಬ್ಬಳ್ಳಿಯ ನಿಲ್ದಾಣಗಳ ಎದುರು ಗಿರಾಕಿಗಾಗಿ ಕಾಯುತ್ತ ನಿಂತ ಹೊತ್ತಿನಲ್ಲಿ. ನಾನು ಆ ಊರಿನ ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಹೇಳಿದವನಾದ್ದರಿಂದ ಇಂಥ ವಿಷಯಗಳಲ್ಲಿ ನನ್ನ ಮಾತಿಗೆ ಬೆಲೆಯಿದೆ ಎಂದು ಅವರು ಭಾವಿಸಿದ್ದಾರೆ. ಅದೇ ಪ್ರಶ್ನೆಯನ್ನು ಹದಿನಾಲ್ಕು ವರ್ಷಗಳ ಹಿಂದೆ ಸ್ವತಃ ಎದುರಿಸಿ ನಾನು ಅರ್ಧ ಸರಿ, ಅರ್ಧ ತಪ್ಪು ಉತ್ತರ ಕಂಡುಕೊಂಡಿದ್ದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಮೇಲ್ನೋಟಕ್ಕೆ ಇದು ಮನೆಯೊಳಗಿನ ಪ್ರಶ್ನೆ. ಕಾಗದ, ಪೆನ್ಸಿಲು ಹಿಡಿದು ಕುಳಿತರೆ ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಲೆಕ್ಕ. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ಈ ದೇಶದ ಮಧ್ಯಮ ವರ್ಗದವರು, ಸಾಲ ಮಾಡಿ ಗಾಡಿ ಕೊಂಡ ಚಾಲಕರು ಎಷ್ಟು ಎಚ್ಚರದಿಂದ ಲೆಕ್ಕ ಹಾಕಿದರೂ ಅದು ತಪ್ಪುತ್ತಲೇ ಬಂದಿದೆ. ಕೂಡುವ ಕಳೆಯುವ ಅಂಕಿಗಳೇ ನಡುವೆ ಬದಲಾದದ್ದು ಇದಕ್ಕೆ ಕಾರಣ. ಬದಲಿಸಿದ್ದು ಯಾರು, ಏಕೆ ಎಂಬುದನ್ನು ನೋಡದೆ ಪೆಟ್ರೋಲ್-ಡೀಸೆಲ್ ಆಯ್ಕೆಯನ್ನು ಚರ್ಚಿಸುವುದು ವ್ಯರ್ಥ.

ನನ್ನ ಕಥೆಯಿಂದಲೇ ಆರಂಭಿಸುತ್ತೇನೆ. 2012ರಲ್ಲಿ ನಾನು ಹುಬ್ಬಳ್ಳಿಯಲ್ಲಿ ವಾಸವಿದ್ದು ನಿತ್ಯ ಮುಂಡಗೋಡಕ್ಕೆ ಹೋಗಿಬರುತ್ತಿದ್ದೆ. ತಡಸ ದಾಟಿ ಹೋಗುವ ಆ ದಾರಿ ಒಂದು ಕಡೆಗೆ ಐವತ್ತು ಕಿಲೊಮೀಟರಿಗೆ ಸಮೀಪ. ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿತ್ತು. ಡೀಸೆಲ್ ಇನ್ನೂ 41ರ ಒಳಗೇ ಇತ್ತು. ಲೀಟರಿಗೆ ಮೂವತ್ತೆರಡು ರೂಪಾಯಿಯ ಈ ಅಂತರ ಕಂಡು ದೇಶವೇ ಡೀಸೆಲ್ ಕಾರುಗಳ ಕಡೆಗೆ ಹೊರಳಿತು. 2012-13ರ ಹೊತ್ತಿಗೆ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲಿನವು. ಜನಪ್ರಿಯ ಮಾದರಿಗಳಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ನಾನೂ ಕಾದು, ಪೆಟ್ರೋಲ್ ಮಾದರಿಗಿಂತ ಲಕ್ಷಕ್ಕೂ ಹೆಚ್ಚು ಹಣ ತೆತ್ತು ಡೀಸೆಲ್ ಕಾರನ್ನೇ ಕೊಂಡೆ. ಎರಡು ವರ್ಷದಲ್ಲಿ ಅದು ನಲವತ್ತು ಸಾವಿರ ಕಿ.ಮೀ. ಓಡಿತು. ಆಮೇಲೆ ನನಗೆ ಹುಬ್ಬಳ್ಳಿಗೇ ವರ್ಗವಾಯಿತು. ಅಂದಿನಿಂದ ಕಾರಿನ ಪ್ರಪಂಚ ಮನೆ, ಮಾರುಕಟ್ಟೆ, ಬ್ಯಾಂಕು ಮತ್ತು ವರ್ಷಕ್ಕೆರಡು ಬಾರಿ ಶಿರಸಿಯ ಬಂಧುಗಳ ಮನೆಗೆ ಇಳಿದುಬಿಟ್ಟಿತು. ಹೆಚ್ಚಾಗಿ ಕೊಟ್ಟ ಹಣ ಪೂರ್ತಿ ಹಿಂದಿರುಗುವ ಮೊದಲೇ ನನ್ನ ದಾರಿ ಬದಲಾಗಿತ್ತು. ಅದೇ ಹೊತ್ತಿಗೆ ಸರ್ಕಾರದ ದಾರಿಯೂ ಬದಲಾಗಿತ್ತು.

ಡೀಸೆಲ್ ಅಗ್ಗವಾಗಿದ್ದುದು ಕಾರು ಕೊಳ್ಳುವವರಿಗಾಗಿ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ರೈತನ ಟ್ರ್ಯಾಕ್ಟರ್, ನೀರೆತ್ತುವ ಪಂಪು, ದಿನಸಿ ಸಾಗಿಸುವ ಲಾರಿ, ಬಡವರು ಹತ್ತುವ ಬಸ್ಸು ಇವುಗಳ ಹೆಸರಿನಲ್ಲಿ ಕೇಂದ್ರ ಸರ್ಕಾರ ಅದರ ಬೆಲೆಯನ್ನು ಹಿಡಿದಿಟ್ಟಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಾಗಲೂ ಡೀಸೆಲನ್ನು ತನ್ನ ಕೈಯಲ್ಲೇ ಉಳಿಸಿಕೊಂಡಿತು. ಅಂತರ ಬೆಳೆದದ್ದು ಹೀಗೆ. ಅದಕ್ಕೂ ಮುನ್ನ, 2010ರ ಫೆಬ್ರುವರಿಯಲ್ಲಿ ವರದಿ ಕೊಟ್ಟ ಕಿರೀಟ್ ಪಾರಿಖ್ ಸಮಿತಿ ಎರಡೂ ಇಂಧನಗಳ ಬೆಲೆಯನ್ನು ಮುಕ್ತಗೊಳಿಸಬೇಕೆಂದೂ ಡೀಸೆಲ್ ಕಾರುಗಳ ಮೇಲೆ 80 ಸಾವಿರ ರೂಪಾಯಿ ಹೆಚ್ಚುವರಿ ಅಬಕಾರಿ ಸುಂಕ ಹಾಕಬೇಕೆಂದೂ ಸೂಚಿಸಿತ್ತು. ಆ ಸುಂಕ ಜಾರಿಗೆ ಬರಲಿಲ್ಲ. ರೈತನಿಗಾಗಿ ಇಟ್ಟ ರಿಯಾಯಿತಿಯನ್ನು ನಗರದ ಕಾರುಗಳು ಕುಡಿದವು. 2012-13ರಲ್ಲಿ ಡೀಸೆಲ್ ಒಂದರಿಂದಲೇ ತೈಲ ಕಂಪನಿಗಳು ವೆಚ್ಚಕ್ಕೆ ತಕ್ಕ ಬೆಲೆ ಸಿಗದೆ ಕಳೆದುಕೊಂಡ ಮೊತ್ತ 92 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ನನ್ನ ಕಾರಿನ ನಲವತ್ತು ಸಾವಿರ ಕಿಲೊಮೀಟರಿನ ಪಾಲೂ ಅದರಲ್ಲಿತ್ತು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ಭಾರ ತಾಳಲಾರದೆ ಸರ್ಕಾರ 2012ರ ಸೆಪ್ಟೆಂಬರ್‌ನಲ್ಲಿ ಡೀಸೆಲಿಗೆ ಒಮ್ಮೆಲೇ 5 ರೂಪಾಯಿ ಏರಿಸಿತು. 2013ರ ಜನವರಿಯಿಂದ ತಿಂಗಳಿಗೆ 50 ಪೈಸೆಯಂತೆ ಏರಿಸಲು ಅನುಮತಿ ಕೊಟ್ಟಿತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯನ್ನೂ ಮಾರುಕಟ್ಟೆಗೆ ಬಿಟ್ಟಿತು. 2017ರ ಜೂನ್ ಮಧ್ಯದಿಂದ ಎರಡರ ಬೆಲೆಯೂ ದಿನದಿನಕ್ಕೆ ಬದಲಾಗಬಹುದಾದ ವ್ಯವಸ್ಥೆ ಬಂತು. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ಸುಂಕ ಏರಿಸಿತು. ದೆಹಲಿ ಸರ್ಕಾರ ಡೀಸೆಲಿನ ಮೇಲಿನ ತನ್ನ ತೆರಿಗೆ ಹೆಚ್ಚಿಸಿತು. ಪರಿಣಾಮವಾಗಿ 2020ರ ಜೂನ್ 24ರಂದು ದೆಹಲಿಯ ಬಂಕುಗಳಲ್ಲಿ ಡೀಸೆಲ್ ಪೆಟ್ರೋಲಿಗಿಂತ ದುಬಾರಿಯಾಯಿತು. ಎಂಟು ವರ್ಷದಲ್ಲಿ ಮೂವತ್ತೆರಡು ರೂಪಾಯಿಯ ಅಂತರ ಸೊನ್ನೆಯಾಗಿತ್ತು. ಒಂದು ಕಾರಿನ ಆಯುಷ್ಯವಾದರೋ ಹದಿನೈದು ವರ್ಷ.

ಕರ್ನಾಟಕದಲ್ಲಿ ಡೀಸೆಲ್ ಇಷ್ಟು ಮೇಲೇರಲಿಲ್ಲ. ಆದರೂ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ 18.44ಕ್ಕೂ ಪೆಟ್ರೋಲಿನದನ್ನು ಶೇ 25.92ರಿಂದ 29.84ಕ್ಕೂ ಏರಿಸಿತು. ವರ್ಷ ತುಂಬುವ ಮೊದಲೇ, 2025ರ ಏಪ್ರಿಲ್ 1ರಿಂದ, ಡೀಸೆಲ್ ತೆರಿಗೆ ಮತ್ತೆ ಶೇ 21.17ಕ್ಕೆ ಏರಿತು. ಲಾರಿ ಮಾಲೀಕರು ಮುಷ್ಕರ ಹೂಡಿದರು. ಆ ಏರಿಕೆಯ ನಂತರ ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 103, ಡೀಸೆಲ್ ಸುಮಾರು 91 ರೂಪಾಯಿ ಆಯಿತು.

ಈ ಅಂಕಿಗಳನ್ನು ಇಟ್ಟುಕೊಂಡು ಒಂದು ಸರಳ ಲೆಕ್ಕ ಹಾಕೋಣ. ಒಂದೇ ಕಾರಿನ ಎರಡು ಮಾದರಿಗಳು. ಡೀಸೆಲಿನದಕ್ಕೆ 1 ಲಕ್ಷ 20 ಸಾವಿರ ರೂಪಾಯಿ ಹೆಚ್ಚು. ಪೆಟ್ರೋಲ್ ಕಾರು ಲೀಟರಿಗೆ 16 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. 2012ರ ದೆಹಲಿ ಬೆಲೆಯಲ್ಲಿ ಡೀಸೆಲಿನಿಂದ ಕಿಲೊಮೀಟರಿಗೆ ಎರಡೂವರೆ ರೂಪಾಯಿ ಉಳಿಯುತ್ತಿತ್ತು. ಹೆಚ್ಚುವರಿ ಹಣ ಹಿಂದಿರುಗಲು ಸುಮಾರು 48 ಸಾವಿರ ಕಿ.ಮೀ. ಓಡಿಸಿದರೆ ಸಾಕಿತ್ತು. 2020ರ ಜೂನ್‌ನಲ್ಲಿ ಎರಡೂ 80 ರೂಪಾಯಿಯ ಆಸುಪಾಸಿನಲ್ಲಿದ್ದಾಗ ಉಳಿತಾಯ ಕೇವಲ ಒಂದು ರೂಪಾಯಿ. ಓಡಿಸಬೇಕಾದದ್ದು 1 ಲಕ್ಷ 20 ಸಾವಿರ ಕಿ.ಮೀ. 2025ರ ಬೆಂಗಳೂರು ಬೆಲೆಯಲ್ಲಿ ಉಳಿತಾಯ 1 ರೂಪಾಯಿ 89 ಪೈಸೆ. ಓಡಿಸಬೇಕಾದದ್ದು ಸುಮಾರು 63 ಸಾವಿರ ಕಿ.ಮೀ. ಕಾರು ಅದೇ, ಎಂಜಿನ್ ಅದೇ, ಚಾಲಕನೂ ಅವನೇ. ಬಂಕಿನ ಫಲಕವೊಂದು ಬದಲಾದರೆ ‘ಸರಿಯಾದ ಆಯ್ಕೆ’ಯೇ ಬದಲಾಗುತ್ತದೆ. ಸಾಲದ ಬಡ್ಡಿ, ವಿಮೆಯ ವ್ಯತ್ಯಾಸ, ಡೀಸೆಲ್ ಎಂಜಿನ್ನಿನ ಹೆಚ್ಚಿನ ದುರಸ್ತಿ ಖರ್ಚು ಇವನ್ನು ಸೇರಿಸಿದರೆ ಈ ದೂರ ಇನ್ನಷ್ಟು ಬೆಳೆಯುತ್ತದೆ.

ಈ ಲೆಕ್ಕವನ್ನು ಹೇಳಿದಾಗ ಕಾಲೊನಿಯ ಚಾಲಕರು ತಕ್ಷಣ ತಮ್ಮ ಉತ್ತರ ಕಂಡುಕೊಂಡರು. ಅವರ ಗಾಡಿ ತಿಂಗಳಿಗೆ ನಾಲ್ಕು ಸಾವಿರ ಕಿ.ಮೀ. ಓಡುತ್ತದೆ. ಹದಿನಾರು ತಿಂಗಳಲ್ಲಿ ಡೀಸೆಲಿನ ಹೆಚ್ಚುವರಿ ಹಣ ಹಿಂದಿರುಗುತ್ತದೆ. ವರ್ಷಕ್ಕೆ ಐದು ಸಾವಿರ ಕಿ.ಮೀ. ಓಡಿಸುವ ನನಗೆ ಹನ್ನೆರಡು ವರ್ಷಕ್ಕೂ ಹೆಚ್ಚು ಬೇಕು. ಹಾಗಾದರೆ ಪ್ರಶ್ನೆ ಮುಗಿಯಿತೇ? ಮುಗಿಯಲಿಲ್ಲ. ಗಾಡಿ ಎಷ್ಟು ಓಡುತ್ತದೆ ಎಂಬುದರ ಜೊತೆಗೆ ಹೇಗೆ ಓಡುತ್ತದೆ ಎಂಬುದೂ ಈಗ ಮುಖ್ಯ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಹೊಗೆ ಮಾನದಂಡ ಜಾರಿಗೆ ಬಂತು. ಬಿಎಸ್-4ರಿಂದ ಐದನೆಯ ಮೆಟ್ಟಿಲನ್ನು ಹಾರಿ ನೇರವಾಗಿ ಆರಕ್ಕೆ ಬಂದ ನಿರ್ಧಾರವಿದು. ಡೀಸೆಲಿನಲ್ಲಿರುವ ಗಂಧಕ ಹತ್ತು ಲಕ್ಷ ಭಾಗದಲ್ಲಿ 50ರಿಂದ 10ಕ್ಕೆ ಇಳಿಯಿತು. ಡೀಸೆಲ್ ಕಾರು ಉಗುಳಬಹುದಾದ ಮಸಿಯ ಮಿತಿ ಕಿಲೊಮೀಟರಿಗೆ 25 ಮಿಲಿಗ್ರಾಂನಿಂದ 4.5ಕ್ಕೆ ಕುಗ್ಗಿತು. ಇದನ್ನು ಸಾಧಿಸಲು ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಅಳವಡಿಸಬೇಕಾಯಿತು. ಚಾಲಕರು ಇದನ್ನು ‘ಡಿಪಿಎಫ್’ ಎನ್ನುತ್ತಾರೆ. ಈ ಫಿಲ್ಟರ್ ಹಿಡಿದಿಟ್ಟ ಮಸಿಯನ್ನು ಆಗಾಗ ಸುಟ್ಟು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಅದಕ್ಕೆ ಸಾಕಷ್ಟು ಬಿಸಿ ಬೇಕು. ಬಿಸಿಯೇರಲು ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಓಡುವ ಗಾಡಿಯಲ್ಲಿ ಅದು ಬಿಸಿಯೇರುವುದೇ ಇಲ್ಲ. ಮಸಿ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಅಲಕ್ಷಿಸಿದರೆ ಗ್ಯಾರೇಜಿನ ಬಿಲ್ಲು ದೊಡ್ಡದಾಗುತ್ತದೆ.

ಈ ವ್ಯವಸ್ಥೆಗಳನ್ನು ಸಣ್ಣ ಎಂಜಿನ್ನುಗಳಿಗೆ ಅಳವಡಿಸುವ ಖರ್ಚು ಕಾರಿನ ಬೆಲೆಗೆ ಹೋಲಿಸಿದರೆ ವಿಪರೀತವಾದ್ದರಿಂದ ಸಣ್ಣ ಡೀಸೆಲ್ ಕಾರುಗಳ ಕಾಲವೇ ಮುಗಿಯಿತು. ದೇಶದಲ್ಲಿ ಅತಿ ಹೆಚ್ಚು ಕಾರು ಮಾರುವ ಮಾರುತಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಹತ್ತಾರು ಮಾದರಿಗಳ ಬಾನೆಟ್ಟಿನಡಿ ಕುಳಿತಿದ್ದ ಫಿಯೆಟ್ಟಿನ 1.3 ಲೀಟರ್ ಎಂಜಿನ್ ಮರೆಯಾಯಿತು. ಮಹೀಂದ್ರ, ಟಾಟಾ, ಹ್ಯುಂಡೈ, ಕಿಯಾ, ಟೊಯೊಟಾ ಕಂಪನಿಗಳು ಡೀಸೆಲನ್ನು ಮುಂದುವರಿಸಿದವು, ಅದೂ ಹೆಚ್ಚಾಗಿ ದೊಡ್ಡ ಗಾಡಿಗಳಲ್ಲಿ. ಒಂದು ಕಾಲಕ್ಕೆ ಅರ್ಧ ದಾಟಿದ್ದ ಡೀಸೆಲ್ ಕಾರುಗಳ ಪಾಲು ಐದನೇ ಒಂದಕ್ಕಿಂತ ಕೆಳಗಿಳಿಯಿತು.

ನಮ್ಮ ಚಾಲಕರ ಸಂದಿಗ್ಧ ಇರುವುದು ಇಲ್ಲೇ. ಕಾಲೊನಿಯೊಳಗಿನ ಓಡಾಟ ಚೂರುಚೂರಿನದು. ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ, ಗಾಂದೆನ್ ಮಠದಿಂದ ದ್ರೆಪುಂಗ್ ಮಠಕ್ಕೆ, ವೃದ್ಧಾಶ್ರಮದಿಂದ ಆಸ್ಪತ್ರೆಗೆ ಮೂರು-ನಾಲ್ಕು ಕಿಲೊಮೀಟರಿನ ಸುತ್ತು. ಎಂಜಿನ್ ಬಿಸಿಯಾಗುವ ಮೊದಲೇ ಗಿರಾಕಿ ಇಳಿದಿರುತ್ತಾರೆ. ಇನ್ನೊಂದು ಕಡೆ ಹುಬ್ಬಳ್ಳಿಯ ರೈಲು, ವಿಮಾನ, ದೊಡ್ಡಾಸ್ಪತ್ರೆ. ಗೋವಾ, ಬೆಂಗಳೂರು, ಬೈಲಕುಪ್ಪೆಯ ಸೆರಾ ಮಠದವರೆಗಿನ ದೂರದ ಓಟ. ಒಂದು ತಿಂಗಳು ಪ್ರತಿ ಸುತ್ತನ್ನೂ ಬರೆದಿಡಿ ಎಂದು ನಾನು ಸೂಚಿಸಿದೆ. ಅವರು ಶಾಲೆಗೆ ಹೋಗುವ ಮಗಳ ನೋಟ್ ಪುಸ್ತಕದಲ್ಲಿ ಶ್ರದ್ಧೆಯಿಂದ ಬರೆದರು. ಸುತ್ತುಗಳ ಎಣಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲೊನಿಯ ಒಳಗಿನವು. ಕಿಲೊಮೀಟರಿನ ಎಣಿಕೆಯಲ್ಲಿ ಅವು ಐದನೇ ಒಂದು ಪಾಲೂ ಇಲ್ಲ. ವಾರಕ್ಕೆ ಮೂರು-ನಾಲ್ಕು ಬಾರಿಯಾದರೂ ಗಾಡಿ ತಡಸದ ಆಚೆಯ ಹೆದ್ದಾರಿ ಹತ್ತುತ್ತದೆ. ಫಿಲ್ಟರ್ ಶುಚಿಯಾಗಲು ಅಷ್ಟು ಸಾಕು. ದಾಂಡೇಲಿ, ಜೊಯಿಡಾ ಕಡೆಯ ಏರು ರಸ್ತೆಗಳಲ್ಲಿ ಏಳು ಜನ ಮತ್ತು ಅವರ ಗಂಟುಮೂಟೆ ಹೊತ್ತು ಹತ್ತುವಾಗ ಕಡಿಮೆ ವೇಗದಲ್ಲೇ ದಮ್ಮು ತೋರುವ ಡೀಸೆಲ್ ಎಂಜಿನ್ನಿನ ಪ್ರಯೋಜನವೂ ಇದೆ. ಅವರ ದಾರಿಗೆ ಡೀಸೆಲ್ ಸರಿ. ಊರೊಳಗಿನ ನನ್ನ ದಾರಿಗೆ ಸರಿಯಲ್ಲ.

ಜೇಬಿನ ಲೆಕ್ಕ ಇಷ್ಟಾದರೆ ಉಸಿರಿನ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಾವೆಲ್ಲ ಡೀಸೆಲ್ ಕಾರಿಗಾಗಿ ಸಾಲಿನಲ್ಲಿ ನಿಂತಿದ್ದ ವರ್ಷವೇ ಅದು. ಯುರೋಪಿನಲ್ಲಿ ಡೀಸೆಲಿಗೆ ದೊರೆತ ಪ್ರೋತ್ಸಾಹಕ್ಕೆ ಕಾರಣವೇ ಬೇರೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಪೆಟ್ರೋಲಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಆದರೆ ಅದೇ ಲೀಟರಿನಲ್ಲಿ ಗಾಡಿ ಹೆಚ್ಚು ದೂರ ಓಡುವುದರಿಂದ ಕಿಲೊಮೀಟರಿಗೆ ಲೆಕ್ಕ ಹಾಕಿದರೆ ಡೀಸೆಲ್ ಸ್ವಲ್ಪ ಮೇಲು. ಭೂಮಿಯ ತಾಪದ ದೃಷ್ಟಿಯಿಂದ ಒಳ್ಳೆಯದೆನಿಸಿದ್ದು ಬೀದಿಯಲ್ಲಿ ನಡೆಯುವವರ ಶ್ವಾಸಕೋಶಕ್ಕೆ ಕೆಟ್ಟದ್ದಾಗಿತ್ತು. ಹೊಗೆ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಸಭ್ಯವಾಗಿ ವರ್ತಿಸುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟದ್ದು 2015ರ ಸೆಪ್ಟೆಂಬರ್‌ನಲ್ಲಿ ಬಯಲಾದ ಮೇಲೆ ಆ ಭ್ರಮೆ ಹರಿಯಿತು.

ಹಾಗೆಂದು ಪೆಟ್ರೋಲ್ ಕೊಂಡವರು ನಿಶ್ಚಿಂತರಾಗಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನ ಐದನೇ ಒಂದು ಪಾಲು ಎಥೆನಾಲ್. ಶೇ 20ರ ಮಿಶ್ರಣದ ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ಚಾಲನೆ ನೀಡಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲಿ. 2030ಕ್ಕೆ ಎಂದಿದ್ದ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ವಿದೇಶಿ ವಿನಿಮಯ ಉಳಿಯಿತು, ಕಬ್ಬು ಮತ್ತು ಮೆಕ್ಕೆಜೋಳಕ್ಕೆ ಹೊಸ ಗಿರಾಕಿ ಸಿಕ್ಕಿತು ಎಂಬುದು ನಿಜ. ಆದರೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ. ಈ ಮಿಶ್ರಣಕ್ಕೆಂದು ರೂಪಿಸದ ಹಳೆಯ ಕಾರುಗಳ ಇಂಧನ ಕ್ಷಮತೆ ಶೇ 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಅದಕ್ಕೆ ಪರಿಹಾರವಾಗಿ ಇಂಥ ಇಂಧನದ ಚಿಲ್ಲರೆ ಬೆಲೆ ಕಡಿಮೆ ಇರಬೇಕೆಂದೂ ಹೇಳಿತ್ತು. ಮಿಶ್ರಣ ಬಂತು, ರಿಯಾಯಿತಿ ಬರಲಿಲ್ಲ. ಹಳೆಯ ಗಾಡಿಗಳಿಗೆ ಎಥೆನಾಲ್ ಬೆರೆಸದ ಪೆಟ್ರೋಲನ್ನೂ ದೊರಕಿಸಬೇಕೆಂದು ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಕಾಲೊನಿಯ ಸುತ್ತ ಮಳೆಗಾಲದಲ್ಲಿ ಕಣ್ಣು ಹಾಯಿಸಿದರೆ ಕಾಣುವುದು ಮೆಕ್ಕೆಜೋಳದ ಹೊಲಗಳು. ಪಕ್ಕದ ಹಳಿಯಾಳದಲ್ಲಿ ಕಬ್ಬಿನ ಗದ್ದೆಗಳು. ಬಂಕಿನ ನಳಿಕೆಗೂ ಈ ಹೊಲಗಳಿಗೂ ಈಗ ನಂಟು ಬೆಳೆದಿದೆ. ಆ ನಂಟು ರೈತನನ್ನು ಕಾಯುತ್ತದೆಯೇ? 2025ರ ನವೆಂಬರ್‌ನಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು, ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ, ಹಾವೇರಿ ಜಿಲ್ಲೆಯಲ್ಲಿ ರೈತರು ಬೀದಿಗಿಳಿದರು. ಹಿಂದೆ ರೈತನ ಹೆಸರಿನಲ್ಲಿ ಡೀಸೆಲ್ ಅಗ್ಗವಾಗಿತ್ತು. ಲಾಭ ಕಾರಿನವರಿಗೆ ಹೋಯಿತು. ಈಗ ರೈತನ ಹೆಸರಿನಲ್ಲಿ ಪೆಟ್ರೋಲಿಗೆ ಎಥೆನಾಲ್ ಬೆರೆಯುತ್ತಿದೆ. ಸುಗ್ಗಿಯಲ್ಲಿ ರೈತ ಮತ್ತೆ ರಸ್ತೆಯಲ್ಲೇ ನಿಂತಿದ್ದಾನೆ. ಎರಡೂ ಕಾಲದಲ್ಲಿ ನೀತಿಯ ಹೆಸರು ಮತ್ತು ನೀತಿಯ ಫಲ ಬೇರೆ ಬೇರೆ ಮನೆಗಳನ್ನು ಸೇರಿದ್ದನ್ನು ಗಮನಿಸಬೇಕು.

ಇನ್ನು ಗಾಡಿಯ ಆಯುಷ್ಯದ ಮಾತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಏಪ್ರಿಲ್‌ನಲ್ಲಿ ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಸಂಚಾರವನ್ನು ನಿಷೇಧಿಸಿತು. ಪೆಟ್ರೋಲಿಗೆ ಹದಿನೈದು ವರ್ಷದ ಮಿತಿ ಬಂತು. ಹದಿನೈದು ವರ್ಷದ ರಸ್ತೆ ತೆರಿಗೆ ಕಟ್ಟಿಸಿಕೊಂಡು ಹತ್ತೇ ವರ್ಷಕ್ಕೆ ಗಾಡಿ ಬದಿಗಿಡಿ ಎಂದಂತಾಯಿತು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ಬಂಕಿನಲ್ಲಿ ಇಂಧನವನ್ನೇ ಹಾಕಬಾರದೆಂಬ ಆದೇಶ ದೆಹಲಿಯಲ್ಲಿ ಜಾರಿಗೆ ಬಂದು, ಜನರ ಆಕ್ರೋಶಕ್ಕೆ ಮಣಿದು ಕೆಲವೇ ದಿನಗಳಲ್ಲಿ ನಿಂತುಹೋಯಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ಕೇವಲ ವಯಸ್ಸಿನ ಆಧಾರದ ಮೇಲೆ ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡವೆಂದಿತು. ಈ ನಡುವೆ ಅಲ್ಲಿ ಅವಧಿ ಮುಗಿದ ಕಾರುಗಳು ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಗಳಿಗೆ ಸಾಗಿದವು. ರಾಜಧಾನಿಯ ಮಕ್ಕಳು ಉಸಿರಾಡಬಾರದ ಹೊಗೆಯನ್ನು ಸಣ್ಣ ಊರುಗಳ ಮಕ್ಕಳು ಉಸಿರಾಡಬಹುದು ಎಂಬ ತರ್ಕ ಇದರಲ್ಲಿ ಅಡಗಿದೆ. ಕರ್ನಾಟಕದಲ್ಲಿ ಅಂಥ ನಿಷೇಧವಿಲ್ಲ. ಹದಿನೈದು ವರ್ಷ ತುಂಬಿದ ಖಾಸಗಿ ಕಾರನ್ನು ತಪಾಸಣೆಗೆ ಒಡ್ಡಿ ನೋಂದಣಿ ನವೀಕರಿಸಬಹುದು. ಆದರೆ 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5 ಸಾವಿರಕ್ಕೆ ಏರಿತು. ನನ್ನ ಕಾರಿಗೆ 2027ರಲ್ಲಿ ಆ ಸರದಿ ಬರಲಿದೆ.

ನೋಂದಣಿಯ ಮಾತು ಬಂದಾಗ ಚಾಲಕರು ನಕ್ಕರು. ಕಾಲೊನಿಯಲ್ಲಿ ‘ಆರ್‌ಸಿ’ ಎಂದರೆ ಎರಡು ಕಾಗದ. ಒಂದು ಗಾಡಿಯದು, ಇನ್ನೊಂದು ಮನುಷ್ಯನದು. ವಿದೇಶೀಯರ ನೋಂದಣಿಯಡಿ ಟಿಬೆಟನ್ ನಿರಾಶ್ರಿತರಿಗೆ ಕೊಡುವ ಪ್ರಮಾಣಪತ್ರದ ಹೆಸರೂ ಅದೇ, ಅದಕ್ಕೂ ನವೀಕರಣವಿದೆ. ‘ಗಾಡಿದು ಹದಿನೈದು ವರ್ಷ ಚಿಂತಿಲ್ಲ ಸರ, ನಮ್ಮದಕ್ಕ ಮೊದ್ಲ ಹೋಗಬೇಕು’ ಎಂದರು. 2014ರ ಟಿಬೆಟನ್ ಪುನರ್ವಸತಿ ನೀತಿ ಬಂದ ಮೇಲೆ ಪರವಾನಗಿ, ವ್ಯಾಪಾರದ ಕಾಗದಪತ್ರಗಳ ವಿಷಯದಲ್ಲಿ ರಾಜ್ಯಗಳಿಗೆ ಸ್ಪಷ್ಟ ಸೂಚನೆಗಳಿವೆ. ಆದರೂ ಏಳು ವರ್ಷದ ಸಾಲಕ್ಕೆ ಸಹಿ ಹಾಕುವಾಗ ಅವರ ಮನಸ್ಸಿನಲ್ಲಿ ನಮಗೆ ಬಾರದ ಒಂದು ಪ್ರಶ್ನೆ ಬರುತ್ತದೆ: ಏಳು ವರ್ಷ ನಾನು ಇಲ್ಲಿರುತ್ತೇನೆಯೇ?

1966ರಲ್ಲಿ ಮುಂಡಗೋಡದ ಕಾಡಂಚಿನಲ್ಲಿ ಈ ವಸತಿ ಆರಂಭವಾದಾಗ ಬಂದವರು ತಾವು ಬೇಗ ಮರಳಿ ಹೋಗುವೆವೆಂದೇ ನಂಬಿದ್ದರು ಎಂದು ಅವರ ಅಜ್ಜ ಹೇಳುತ್ತಿದ್ದರಂತೆ. ನೆಲೆಗಳಿಗೆ ಊರಿನ ಹೆಸರಿಡದೆ ಒಂದನೆಯ ಕ್ಯಾಂಪ್, ಎರಡನೆಯ ಕ್ಯಾಂಪ್ ಎಂದು ಕರೆದರು. ಅರವತ್ತು ವರ್ಷ ಕಳೆದರೂ ಅವು ಕ್ಯಾಂಪುಗಳೇ. ಇದೇ ನೆಲದಲ್ಲಿ ದೊಡ್ಡ ಮಠಗಳು ಎದ್ದವು, ಹೊಲಗಳಾದವು. ನಿರಾಶ್ರಿತರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ರಾಜ್ಯದ ಬಡ ಹಳ್ಳಿಗಳ ಕೆಲಸಕ್ಕೆ ಹೊರಳಿತು. 2019ರ ಡಿಸೆಂಬರ್‌ನಲ್ಲಿ ದಲೈ ಲಾಮಾ ಬಂದಾಗ ಕಾಲೊನಿಯ ಯಾವ ಟ್ಯಾಕ್ಸಿಗೂ ಬಿಡುವಿರಲಿಲ್ಲ. ಆದರೆ ಯುವಕರು ಅಮೆರಿಕ, ಕೆನಡಾ, ಯುರೋಪಿನ ಕಡೆಗೆ ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆ. ಚಳಿಗಾಲದ ಸ್ವೆಟರ್ ವ್ಯಾಪಾರಕ್ಕೆ ಹೋಗುತ್ತಿದ್ದ ಮನೆಗಳಲ್ಲಿ ಈಗ ಹಿರಿಯರಷ್ಟೇ ಉಳಿದಿದ್ದಾರೆ. ನಮ್ಮ ಚಾಲಕರ ತಮ್ಮನೂ ಕೆನಡಾದಲ್ಲಿದ್ದಾರೆ. ನೀವೂ ಬನ್ನಿ ಎಂದು ಕರೆಯುತ್ತಿದ್ದಾರೆ. ಎರಡು ವರ್ಷದಲ್ಲಿ ಹೊರಡುವುದಾದರೆ ಸುಲಭವಾಗಿ ಮಾರಾಟವಾಗುವ, ಕಡಿಮೆ ಬೆಲೆಯ ಪೆಟ್ರೋಲ್ ಗಾಡಿ ಜಾಣತನ. ಉಳಿಯುವುದಾದರೆ ಡೀಸೆಲ್. ‘ಡೀಸೆಲ್ ತಗೊಂಡ್ರ ಇಲ್ಲೇ ಇರ್ತೀನಿ ಅಂತ ಮನ್ಯಾಗ ಹೇಳಿದಂಗ ಆಗ್ತದ ಸರ’ ಎಂದು ಅವರು ಹೇಳಿದಾಗ ನನ್ನ ಪೆನ್ಸಿಲ್ ನಿಂತಿತು. ನನ್ನ ವರ್ಗಾವಣೆಯ ಕಥೆ ಅವರ ಮಾತಿನ ಮುಂದೆ ಬಹಳ ಚಿಕ್ಕದು. ಆದರೂ ಎರಡರಿಂದಲೂ ತಿಳಿಯುವುದು ಒಂದೇ: ಇಂಧನದ ಆಯ್ಕೆಯು ತನ್ನ ದಾರಿ ಇಷ್ಟು ವರ್ಷ ಇದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ.

ತನ್ನ ದಾರಿಯ ಬಗ್ಗೆ ಮನುಷ್ಯ ಸ್ವಲ್ಪಮಟ್ಟಿಗಾದರೂ ಊಹಿಸಬಲ್ಲ. ಸರ್ಕಾರದ ಮನಸ್ಸನ್ನು ಊಹಿಸುವುದು ಅವನ ಕೈಯಲ್ಲಿಲ್ಲ. ಹೀಗಾಗಿ ಕೆಲವು ಮಾತುಗಳನ್ನು ಸರ್ಕಾರಗಳಿಗೇ ಹೇಳಬೇಕಾಗಿದೆ. ಮೊದಲನೆಯದು, ವಾಹನ ಮಾರಾಟವಾದ ದಿನ ಅದಕ್ಕೆ ಅನ್ವಯಿಸುವ ಆಯುಷ್ಯದ ನಿಯಮ ಮುಂದೆಯೂ ಅನ್ವಯಿಸಬೇಕು. ಬದಲಿಸಲೇಬೇಕಾದರೆ ಗಾಡಿಯ ಹುಟ್ಟಿದ ದಿನಾಂಕವನ್ನು ನೋಡದೆ ಅದು ಉಗುಳುವ ಹೊಗೆಯನ್ನು ಅಳೆದು ತೀರ್ಮಾನಿಸಬೇಕು. ಅದಕ್ಕೆ ನಂಬಲರ್ಹ ಹೊಗೆ ತಪಾಸಣೆ ಬೇಕು. ಗಾಡಿಯನ್ನು ಸರಿಯಾಗಿ ನೋಡದೆಯೇ ಪ್ರಮಾಣಪತ್ರ ಕೈಗಿಟ್ಟ ಕೇಂದ್ರವೊಂದರ ಅನುಭವ ನನಗೂ ಆಗಿದೆ. ಎರಡನೆಯದು, ರೈತನಿಗೆ ಮತ್ತು ಸಾರಿಗೆ ಬಸ್ಸಿಗೆ ನೆರವು ಬೇಕಾದರೆ ಅದನ್ನು ನೇರವಾಗಿ ಕೊಡಲಿ. ಬಂಕಿನ ನಳಿಕೆಯ ಮೂಲಕ ಕೊಟ್ಟರೆ ಅದು ಯಾರ ಟ್ಯಾಂಕಿಗೆ ಬೀಳುತ್ತದೆಂದು 2012ರಲ್ಲೇ ಕಂಡಿದ್ದೇವೆ. ಮೂರನೆಯದು, ಎಥೆನಾಲ್ ಮಿಶ್ರಣ ಏರಿದಂತೆ, ಕಡಿಮೆಯಾದ ಶಕ್ತಿಗೆ ತಕ್ಕಂತೆ ಬೆಲೆಯೂ ಇಳಿಯಬೇಕು. ಹಳೆಯ ಗಾಡಿಗಳಿಗೆ ಕಡಿಮೆ ಮಿಶ್ರಣದ ಪೆಟ್ರೋಲ್ ಕೆಲವು ವರ್ಷಗಳಾದರೂ ದೊರೆಯಬೇಕು. ನಾಲ್ಕನೆಯದು, ರಾಜ್ಯದ ತೆರಿಗೆ ಬೊಕ್ಕಸದ ಕೊರತೆ ತುಂಬುವ ಸಲುವಾಗಿ ವರ್ಷಕ್ಕೊಮ್ಮೆ ಜಿಗಿಯುವುದನ್ನು ಬಿಟ್ಟು, ಇಂತಿಷ್ಟು ವರ್ಷಕ್ಕೆಂದು ಮುಂಚಿತವಾಗಿ ಪ್ರಕಟವಾಗಲಿ. ಸ್ಥಿರತೆಗಾಗಿ ನಾನು ಕೇಳುತ್ತಿರುವುದು ಅಗ್ಗದ ಇಂಧನವನ್ನಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ದುಬಾರಿಯಾಗಲಿ, ಆದರೆ ಮೊದಲೇ ತಿಳಿದಿರಲಿ.

ಕೊಳ್ಳುವವರಿಗೂ ಒಂದು ಮಾತು. ಬಂಕಿನ ಫಲಕ ನೋಡಿ ಗಾಡಿ ಆರಿಸಬೇಡಿ. ಒಂದು ತಿಂಗಳ ಓಡಾಟವನ್ನು ಪುಸ್ತಕದಲ್ಲಿ ಬರೆದು ನೋಡಿ. ತಿಂಗಳಿಗೆ ಸಾವಿರ ಕಿಲೊಮೀಟರೂ ಓಡದವರು, ಊರೊಳಗೇ ತಿರುಗುವವರು ಡೀಸೆಲಿನ ಗೊಡವೆಗೆ ಹೋಗಬಾರದು. ದಿನವೂ ಹೆದ್ದಾರಿ ಹಿಡಿಯುವವರಿಗೆ, ಭಾರ ಹೊತ್ತು ಘಟ್ಟ ಹತ್ತುವವರಿಗೆ ಅದು ಇನ್ನೂ ಅರ್ಥವುಳ್ಳ ಆಯ್ಕೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಸೆಸ್ಸೂ ಹೋಗಿರುವುದರಿಂದ ತೆರಿಗೆಯಲ್ಲಿ ಇವೆರಡರ ನಡುವೆ ಇದ್ದ ಸಣ್ಣ ಭೇದವೂ ಅಳಿದಿದೆ. ಕಾಲೊನಿಯ ಒಳಗಿನಂಥ ಮೂರು-ನಾಲ್ಕು ಕಿಲೊಮೀಟರಿನ ಓಡಾಟಕ್ಕಂತೂ ಇವೆರಡಕ್ಕಿಂತ ವಿದ್ಯುತ್ ಗಾಡಿಯೇ ಮೇಲು. ಹುಬ್ಬಳ್ಳಿ-ಮುಂಡಗೋಡದ ನಡುವೆ ಓಡುವ ಸಾರಿಗೆ ಬಸ್ಸು ಹತ್ತಿದವರಿಗೆ ಈ ಪ್ರಶ್ನೆಯೇ ಇಲ್ಲ. ನಿವೃತ್ತನಾದ ಮೇಲೆ ಮುಂಡಗೋಡಕ್ಕೆ ನಾನು ಹೆಚ್ಚಾಗಿ ಹೋಗುವುದು ಅದರಲ್ಲೇ.

ಕಳೆದ ವಾರ ಚಾಲಕರು ಫೋನು ಮಾಡಿದ್ದರು. ಮನೆಯವರೆಲ್ಲ ಕುಳಿತು ಮಾತಾಡಿದರಂತೆ. ಮಗಳ ಓದು ಮುಗಿಯುವವರೆಗೆ, ತಾಯಿ ಇರುವವರೆಗೆ ಇಲ್ಲಿಂದ ಕದಲುವುದಿಲ್ಲ ಎಂದು ತೀರ್ಮಾನವಾಯಿತಂತೆ. ಡೀಸೆಲ್ ಗಾಡಿಗೆ ಮುಂಗಡ ಕೊಟ್ಟಿದ್ದಾರೆ; ಕಂತು ಎಂಬತ್ತನಾಲ್ಕು ತಿಂಗಳು. ನಾನು ನನ್ನ ಹಳೆಯ ಕಾರಿಗೆ ಗಿರಾಕಿ ಹುಡುಕುತ್ತಿದ್ದೇನೆ. ಸಿಕ್ಕರೆ ಒಂದು ಸಣ್ಣ ಪೆಟ್ರೋಲ್ ಕಾರು ಕೊಳ್ಳುವ ಯೋಚನೆಯಿದೆ. ಇಬ್ಬರೂ ನಮ್ಮ ನಮ್ಮ ದಾರಿಯನ್ನು ಅಳೆದೇ ಈ ನಿರ್ಧಾರಕ್ಕೆ ಬಂದಿದ್ದೇವೆ. ಅವರ ಎಂಬತ್ತನಾಲ್ಕನೆಯ ಕಂತು ತೀರುವ ಮೊದಲು ಆ ದಾರಿಯ ಮೇಲಿನ ನಿಯಮಗಳು ಬದಲಾಗುವುದಾದರೆ ಅದನ್ನು ಈಗಲೇ ಹೇಳುವ ಹೊಣೆ ಸರ್ಕಾರದ್ದು.